ಸ್ಫೂರ್ತಿ ಬರೋವರೆಗೆ ಕಾಯಬೇಕಾ?

ಓದುಗರ ಪ್ರಶ್ನೆಗೆ ಚಿತ್ರಕಲಾವಿದೆಯ ಉತ್ತರ

ಬ್ರಷ್ ಹೇಗೆ ಹಿಡಿಯಬೇಕು, ಯಾವ ಕಂಪನಿಯ ಬಣ್ಣ ಒಳ್ಳೆಯದು, ಕ್ಯಾನ್ವಾಸ್ ಹತ್ತಿಯದೋ ಲಿನನ್ನಿನದೋ, ಇದನ್ನೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಬಣ್ಣದ ಅಂಗಡಿಯ ಹುಡುಗನನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾನೆ. ಉತ್ತರ ಬರೆಯಲು ನಾನು ಒಪ್ಪಿಕೊಂಡದ್ದೇ ಒಂದು ಪ್ರಶ್ನೆಯ ಕಾಟ ತಡೆಯಲಾರದೆ. ಮಾಟುಂಗದಲ್ಲಿ ಮೈಸೂರು ಅಸೋಸಿಯೇಶನ್ ಕಾರ್ಯಕ್ರಮ ಮುಗಿಸಿ ಚಪ್ಪಲಿ ಹುಡುಕುವಾಗಲೂ ಕೇಳುತ್ತಾರೆ. ಡೊಂಬಿವಲಿಯ ನಮ್ಮ ಸೊಸೈಟಿ ಲಿಫ್ಟಿನಲ್ಲೂ ಕೇಳುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಅದನ್ನೇ ಮೊದಲು ಮುಗಿಸೋಣ. ಒಂದು ಪತ್ರ ಹೀಗಿದೆ:

ನಾನು ಮುಲುಂಡ್‌ನಲ್ಲಿರುವ ಬ್ಯಾಂಕ್ ಉದ್ಯೋಗಿ, ವಯಸ್ಸು 46. ಕಾಲೇಜಿನಲ್ಲಿ ಚಿತ್ರ ಬಿಡಿಸುತ್ತಿದ್ದೆ. ಆರು ತಿಂಗಳ ಹಿಂದೆ ಈಸೆಲ್, ಕ್ಯಾನ್ವಾಸ್, ಬಣ್ಣ ಎಲ್ಲ ತಂದೆ. ಭಾನುವಾರ ಎದುರು ಕೂತರೆ ಏನೂ ಹೊಳೆಯುವುದಿಲ್ಲ. ಚಿತ್ರಕಾರ ಗಾಯ್ತೊಂಡೆ ವರ್ಷಕ್ಕೆ ಐದಾರು ಚಿತ್ರ ಮಾತ್ರ ಮಾಡುತ್ತಿದ್ದರಂತೆ. ನಾನೂ ಸ್ಫೂರ್ತಿ ಬರುವವರೆಗೆ ಕಾಯಬೇಕಾ? ನಿಮಗೆ ಎಲ್ಲಿಂದ ಬರುತ್ತದೆ ಮೇಡಂ?

ಮೊದಲು ಆ ಕ್ಯಾನ್ವಾಸನ್ನು ಗೋಡೆ ಕಡೆ ತಿರುಗಿಸಿ ಇಡಿ. ಆರು ತಿಂಗಳು ಬಿಳಿ ಬಟ್ಟೆ ನೋಡುತ್ತಾ ಕೂತರೆ ಯಾರಿಗೂ ಏನೂ ಹೊಳೆಯುವುದಿಲ್ಲ, ನನಗೂ ಇಲ್ಲ.

ಇನ್ನು ಗಾಯ್ತೊಂಡೆ. ಪಾಪ, ಕೆಲಸ ಮಾಡದವರೆಲ್ಲ ಅವರ ಹೆಸರನ್ನೇ ಹೇಳುತ್ತಾರೆ. ವರ್ಷಕ್ಕೆ ಐದಾರೇ ಕ್ಯಾನ್ವಾಸ್ ಮುಗಿಸುತ್ತಿದ್ದರು ಅನ್ನುವುದು ನಿಜ. ಆದರೆ ಅದಕ್ಕೆ ಮುಂಚೆ ಏನಿತ್ತು? 1948ರಲ್ಲಿ ಇದೇ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಡಿಪ್ಲೊಮಾ. ಆಮೇಲೆ ವರ್ಷಗಟ್ಟಲೆ ಮನುಷ್ಯರ ಆಕಾರ ಬರೆದರು. ಹಳೆಯ ಮಿನಿಯೇಚರ್, ಅಂದರೆ ಪುಟ್ಟ ಗಾತ್ರದ, ಚಿತ್ರಗಳ ಬಣ್ಣಗಳನ್ನು ನೋಡಿ ಕಲಿತರು, ಯುರೋಪಿನ ಚಿತ್ರಕಾರ ಪಾಲ್ ಕ್ಲೀಯನ್ನು ನೋಡಿ ಕಲಿತರು. ರೋಲರ್, ಪ್ಯಾಲೆಟ್ ನೈಫ್ ಹಿಡಿದು ಬಣ್ಣ ಹಚ್ಚುವುದು, ಕೆರೆದು ತೆಗೆಯುವುದು, ಮತ್ತೆ ಹಚ್ಚುವುದು. ಇಷ್ಟೆಲ್ಲ ಕೈಗೆ ಇಳಿದ ಮೇಲೆ ಅವರು ಸುಮ್ಮನೆ ಕೂತರೆ ಅದೂ ಕೆಲಸವೇ. ನೀವು ಕೂತರೆ ಭಾನುವಾರ ಹೋಯಿತು, ಅಷ್ಟೇ.

ನೌಕರಿ ಇದೆ ಅನ್ನುವ ನೆಪವೂ ಬೇಡ. ಸುಧೀರ್ ಪಟವರ್ಧನ್ 1975ರಿಂದ 2005ರವರೆಗೆ ಥಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದರು. ಹಗಲು ಎಕ್ಸ್‌ರೇ ನೋಡಿದರು, ಉಳಿದ ಹೊತ್ತಿನಲ್ಲಿ ಚಿತ್ರ ಮಾಡಿದರು. ಅವರ ಚಿತ್ರಗಳಲ್ಲಿ ಯಾರಿದ್ದಾರೆ? ರೈಲಿನಲ್ಲಿ ನಮ್ಮ ಪಕ್ಕ ಕೂರುವವರು, ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುವವರು, ಮಿಲ್ಲಿನ ಕಡೆಯ ಜನ. ಘಾಟ್‌ಕೋಪರ್‌ನ ಅತುಲ್ ದೋಡಿಯಾ ಅಂಗಡಿಗಳ ರೋಲಿಂಗ್ ಶಟರ್ ಮೇಲೇ ಚಿತ್ರ ಬರೆದರು. ಶಟರ್ ಎತ್ತಿದರೆ ಒಳಗೆ ಇನ್ನೊಂದು ಚಿತ್ರ. ಆ ಶಟರ್ ಏಳುವ ಬೀಳುವ ಸದ್ದು ನಿಮಗೂ ನನಗೂ ದಿನಾ ಕೇಳುತ್ತದೆ, ಅಲ್ವಾ? ನಮ್ಮವರೇ ಆದ ಕೆ.ಕೆ. ಹೆಬ್ಬಾರರನ್ನು ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಜೆ.ಜೆ.ಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಗೆರೆಯಲ್ಲಿ ಲಯ ತರಬೇಕು ಅಂತ ಕಥಕ್ ಕಲಿತರು. ಲಯ ಮೇಲಿಂದ ಇಳಿದು ಬರಲಿ ಅಂತ ಕಾಯಲಿಲ್ಲ, ಕಾಲಿಗೆ ಗೆಜ್ಜೆ ಕಟ್ಟಿಕೊಂಡರು.

ನನಗೆ ಎಲ್ಲಿಂದ ಬರುತ್ತದೆ ಅಂತ ಕೇಳಿದಿರಿ. ಒಂದೇ ಒಂದು ಚಿತ್ರದ ಕತೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾನು ಅತ್ತೆಯ ಅಡುಗೆಮನೆಯ ಚಿತ್ರ ಮಾಡುತ್ತಿದ್ದೆ. ಸ್ಟೀಲ್ ಡಬ್ಬಗಳ ಸಾಲು, ಮಸಾಲೆ ಬಟ್ಟಲು, ಕಿಟಕಿ ಬೆಳಕು. ವಿಷಯ ಬಹಳ ಚೆಂದ, ಚಿತ್ರ ಸತ್ತಿತ್ತು. ಮೂರು ತಿಂಗಳು ಒದ್ದಾಡಿದೆ. ಅಷ್ಟರಲ್ಲಿ ಮೇ ತಿಂಗಳು ಬಂತು. ಎದುರಿನ ಬಿಲ್ಡಿಂಗ್‌ನವರು ಮಳೆಗೆ ಮುಂಚೆ ಟೆರೇಸಿನ ಮೇಲೆ, ಕಿಟಕಿ ಮೇಲಿನ ಛಜ್ಜಾಗಳ ಮೇಲೆ ನೀಲಿ ತಾಡಪತ್ರಿ (ಟಾರ್ಪಾಲಿನ್) ಹೊದಿಸಿದರು. ಮುಂಬಯಿಯಲ್ಲಿ ಇದು ಹೊಸದೇನಲ್ಲ. ಆದರೆ ಒಂದು ಮೂಲೆಯ ಹಗ್ಗ ಸಡಿಲ ಬಿಟ್ಟಿದ್ದರು. ಗಾಳಿ ಬಂದರೆ ರಾತ್ರಿಯೆಲ್ಲ ಪಟಪಟಪಟ. ನಿದ್ದೆ ಇಲ್ಲ. ಸೊಸೈಟಿ ಸೆಕ್ರೆಟರಿಗೆ ಹೇಳಿದೆ, ಉಪಯೋಗವಾಗಲಿಲ್ಲ. ಒಂದು ಬೆಳಿಗ್ಗೆ ಸಿಟ್ಟಿನಲ್ಲಿ ಕಿಟಕಿ ಹತ್ತಿರ ಕೂತು ಆ ಹಾಳು ತಾಡಪತ್ರಿಯನ್ನೇ ಬರೆಯತೊಡಗಿದೆ. ನೀವು ಸ್ಫೂರ್ತಿ ಅನ್ನುವುದು ಇದನ್ನೇ ಆದರೆ, ನನ್ನದು ನಿದ್ದೆಗೆಟ್ಟ ಸ್ಫೂರ್ತಿ.

ಮೊದಲ ಹತ್ತು ಸ್ಕೆಚ್ಚು ದಂಡ. ತಾಡಪತ್ರಿ ಅಂದರೆ ಚಪ್ಪಟೆ ನೀಲಿ ಹಾಳೆ ಅಂದುಕೊಂಡೇ ಬರೆದಿದ್ದೆ. ಆಮೇಲೆ ಕಣ್ಣಿಗೆ ಬಿತ್ತು. ಭಾರಕ್ಕೆ ಇಟ್ಟ ಇಟ್ಟಿಗೆಗಳ ನಡುವೆ ಅದು ಗುಳಿ ಬೀಳುತ್ತದೆ. ಮೊದಲ ಮಳೆ ಬಂದಾಗ ಗುಳಿಯಲ್ಲಿ ನೀರು ನಿಂತಿತು. ಒಂದು ಕಾಗೆ ಬಂದು ಅಲ್ಲಿ ನೀರು ಕುಡಿಯಿತು, ಕೊಕ್ಕು ಒರೆಸಿಕೊಂಡಿತು, ಹೋಯಿತು. ಮರುದಿನವೂ ಬಂತು. ನಾನು ದಿನಾ ಅದೇ ಗುಳಿಯನ್ನು ಬರೆದೆ. ಅರವತ್ತು ಸ್ಕೆಚ್ಚಿನ ಮೇಲಾಗಿರಬೇಕು.

ಬಣ್ಣ ಹಚ್ಚಲು ಕೂತಾಗ ನಿಜವಾದ ಪಜೀತಿ. ಥಾಲೊ ಬ್ಲೂ ಅನ್ನುವ ಕಡುನೀಲಿಗೆ ಬಿಳಿ ಸೇರಿಸಿದೆ. ಅಂಗಡಿಯಲ್ಲಿ ನೇತುಹಾಕಿದ ಹೊಸ ಬಕೆಟ್ ತರ ಕಾಣಿಸಿತು. ಸ್ವಲ್ಪ ಅಂಬರ್ ಕಂದು ಹಾಕಿದೆ, ಕೊಳೆಯಾಯಿತು. ಒಂದು ಮಳೆ, ಒಂದು ಬೇಸಿಗೆ ಕಂಡ ತಾಡಪತ್ರಿಯ ನೀಲಿ ಬೇರೆಯೇ. ಅದು ಬಿಸಿಲಿಗೆ ಬೆಳ್ಳಗಾಗಿರುತ್ತದೆ, ಮಡಿಕೆಗಳಲ್ಲಿ ಧೂಳು ಕೂತಿರುತ್ತದೆ. ಕೊನೆಗೆ ಅಡಿಗೆ ಬರ್ನ್ಟ್ ಸಿಯೆನ್ನಾ, ಅಂದರೆ ಇಟ್ಟಿಗೆ ಕಂದು, ತೆಳ್ಳಗೆ ಹಚ್ಚಿ ಒಣಗಲು ಬಿಟ್ಟೆ. ಅದರ ಮೇಲೆ ನೀಲಿಯನ್ನು ಗಾಜಿನಷ್ಟು ತೆಳುವಾಗಿ ಎಳೆದೆ. ಅಲ್ಲಲ್ಲಿ ಕಂದು ಇಣುಕಲು ಬಿಟ್ಟೆ. ಕಿತ್ತಳೆ ಕಡೆಯ ಬಣ್ಣ ಕೆಳಗಿದ್ದರೆ ಮೇಲಿನ ನೀಲಿಗೆ ಜೀವ ಬರುತ್ತದೆ. ಇದು ಜೆ.ಜೆ.ಯ ಮೊದಲ ವರ್ಷದಲ್ಲೇ ಹೇಳಿಕೊಟ್ಟ ಪಾಠ. ನೆನಪಾಗಲು ಇಪ್ಪತ್ತು ವರ್ಷ, ಒಂದು ಬಕೆಟ್ ಬಣ್ಣ ಬೇಕಾಯಿತು.

ಮುಗಿದ ಚಿತ್ರದಲ್ಲಿ ತಾಡಪತ್ರಿ ಕಾಲು ಭಾಗವೂ ಇಲ್ಲ. ಗುಳಿಯ ನೀರಿದೆ, ಸಡಿಲ ಹಗ್ಗವಿದೆ. ಕಾಗೆಯನ್ನು ಬರೆದು ಅಳಿಸಿದೆ. ಇದನ್ನು ಖಾಲಿ ಕ್ಯಾನ್ವಾಸ್ ಎದುರು ಕೂತು ನಾನು ಯೋಚಿಸಿ ತೆಗೆಯಬಹುದಿತ್ತಾ? ಸಾಧ್ಯವೇ ಇಲ್ಲ. ಹನ್ನೊಂದನೇ ಸ್ಕೆಚ್ಚಿನ ನಂತರ ಸಿಕ್ಕಿದ್ದು ಮೊದಲನೆಯದಕ್ಕೆ ಮುಂಚೆ ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ. (ಒಬ್ಬ ಗ್ಯಾಲರಿಯವರು ಅದನ್ನು ನೋಡಿ, "ನೀಲಿ ಹೋಗಲ್ಲ, ಗಣಪತಿ ಮಾಡಿ" ಅಂದರು. ಅದು ಬೇರೆ ಕತೆ.)

ಈಗ ನಿಮ್ಮ ಕೆಲಸ. ಅಂಗೈಯಗಲದ ಒಂದು ನೋಟ್‌ಬುಕ್, ಒಂದು ಬಾಲ್ ಪೆನ್ ತಗೊಳ್ಳಿ. ಪೆನ್ಸಿಲ್ ಬೇಡ, ಅಳಿಸುತ್ತಾ ಕೂರುತ್ತೀರಿ. ಬ್ಯಾಂಕಿಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಬರೆಯಿರಿ, ಸಿಗದ ದಿನ ನೋಡಿ. ನಾನು ಕಲಿತದ್ದು ಲೇಡೀಸ್ ಡಬ್ಬಿಯಲ್ಲಿ. ಸಂಜೆ ಗಾಡಿಯಲ್ಲಿ ಒಬ್ಬಾಕೆ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಬೀನ್ಸ್ ನಾರು ತೆಗೆಯುತ್ತಾಳೆ. ಥಾಣೆಯಲ್ಲಿ ಶುರು ಮಾಡಿದರೆ ದಿವಾ ಬರುವಷ್ಟರಲ್ಲಿ ಪಲ್ಯಕ್ಕಾಗುವಷ್ಟು ಮುಗಿದಿರುತ್ತದೆ. ನಿಮ್ಮ ಡಬ್ಬಿಯಲ್ಲಿ ನಿಮಗೂ ಅಷ್ಟೇ ಸಮಯ. ಮೊದಲು ಭುಜದ ಗೆರೆ, ಆಮೇಲೆ ಮೊಣಕೈ, ಆಮೇಲೆ ಬೆರಳು. ಎದುರಿನವರು ಇಳಿದುಬಿಟ್ಟರೆ ಅರ್ಧ ಚಿತ್ರ ಉಳಿಯುತ್ತದೆ, ಉಳಿಯಲಿ. ಒಂದು ಮಾತು ಮಾತ್ರ ನೆನಪಿಡಿ. ಮುಖ ಬರೆಯಬೇಡಿ, ಕೈ ಬರೆಯಿರಿ. ನನಗೇ ಒಮ್ಮೆ ಕುರ್ಲಾ ದಾಟುವವರೆಗೆ ಬೈಗುಳ ಬಿದ್ದಿದೆ, ಬಿದ್ದದ್ದು ಸರಿಯೇ. ನೀವು ಗಂಡಸರು, ಇನ್ನೂ ಹುಷಾರಾಗಿರಿ. ಯಾರಾದರೂ ಗಮನಿಸಿದರೆ ನೋಟ್‌ಬುಕ್ ತೋರಿಸಿ. ಬೇಡ ಅಂದರೆ ಮುಚ್ಚಿ.

ಚಿತ್ರಕಾರ ಪ್ರಭಾಕರ್ ಬರ್ವೆ ಇದೇ ಮುಂಬಯಿಯಲ್ಲಿ ಬದುಕಿದವರು. ನೇಕಾರರ ಸೇವಾ ಕೇಂದ್ರದಲ್ಲಿ ನೌಕರಿ ಮಾಡುತ್ತಾ ಡೈರಿಗಳಲ್ಲಿ ಕಂಡದ್ದು, ಹೊಳೆದದ್ದು ಗೀಚಿಡುತ್ತಿದ್ದರು. ಗಡಿಯಾರ, ಎಲೆ, ಕತ್ತರಿ ತರದ ದಿನಬಳಕೆಯ ವಸ್ತುಗಳೇ ಅವರ ಚಿತ್ರಗಳಲ್ಲಿ ತೇಲುತ್ತವೆ. ಅಷ್ಟು ದೊಡ್ಡ ಕಲಾವಿದರಿಗೇ ಡೈರಿ ಬೇಕಿತ್ತು. ನಮಗೆ ಬೇಡವಾ?

ಆ ನೋಟ್‌ಬುಕ್ ತುಂಬಿದ ಮೇಲೆ ಕ್ಯಾನ್ವಾಸನ್ನು ಈ ಕಡೆ ತಿರುಗಿಸಿ. ಮುಂಚೆ ಬೇಡ. ಮತ್ತೆ ದಯವಿಟ್ಟು ಅಲಿಬಾಗ್ ರೆಸಾರ್ಟಿನ "ಸೃಜನಶೀಲತೆ ಶಿಬಿರ"ಗಳಿಗೆ ದುಡ್ಡು ಸುರಿಯಬೇಡಿ. ಮಲಗಿರುವ ಬಲ ಮೆದುಳನ್ನು ಎಬ್ಬಿಸುತ್ತೇವೆ ಅನ್ನುತ್ತಾರೆ. ಮೆದುಳಿನ ಒಂದು ಬದಿ ಕಲೆಗೆ, ಇನ್ನೊಂದು ಬದಿ ಲೆಕ್ಕಕ್ಕೆ ಅನ್ನುವುದೇ ಬೊಗಳೆ. ಗೆರೆ ಎಳೆಯುವಾಗ ಎರಡೂ ಬದಿ ದುಡಿಯುತ್ತವೆ. ಗೆಳತಿಯ ಒತ್ತಾಯಕ್ಕೆ ಒಂದು ಶಿಬಿರಕ್ಕೆ ನಾನೂ ಹೋಗಿದ್ದೆ. ಕಣ್ಣು ಮುಚ್ಚಿ ಬಣ್ಣವನ್ನು ಉಸಿರಾಗಿ ಎಳೆದುಕೊಳ್ಳಿ ಅಂದರು. ನಾನು ಎಳೆದುಕೊಂಡದ್ದು ಟರ್ಪೆಂಟೈನ್. ಮಧ್ಯಾಹ್ನದವರೆಗೆ ತಲೆನೋವು.

ಮಗಳಿಗೆ ಎಂಟು ವರ್ಷ. ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಗುರುತಿಸುವ "ಮಿಡ್‌ಬ್ರೇನ್" ತರಬೇತಿಯಿಂದ ಚಿತ್ರಕಲೆಗೆ ಅನುಕೂಲವೇ? (ನೆರೂಲ್‌ನ ತಾಯಿ)

ಅದು ಮೋಸ. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ, ಪಾಪ, ದೊಡ್ಡವರು ಖುಷಿಪಡಲಿ ಅಂತ. ಕಣ್ಣಿನ ಬಟ್ಟೆ ಬಿಚ್ಚಿ, ಕೈಗೆ ಕ್ರೇಯಾನ್ ಕೊಡಿ.

ಫೋಟೋ ನೋಡಿ ಚಿತ್ರ ಬಿಡಿಸಿದರೆ ಅದು ಕಳ್ಳತನವೇ? (ಪುಣೆಯ ವಿದ್ಯಾರ್ಥಿ)

ನಿಮ್ಮದೇ ಫೋಟೋ ಆದರೆ ಯಾವ ಕಳ್ಳತನ? ಇನ್ನೊಬ್ಬರದ್ದನ್ನು ಕೇಳದೆ ಇದ್ದಂತೇ ನಕಲು ಮಾಡಿ ನಿಮ್ಮ ಸಹಿ ಹಾಕಿದರೆ, ಹೌದು. ನನಗೆ ಭಯ ಇರುವುದು ಬೇರೆ ಕಡೆ. ಫೋನು ನೆರಳನ್ನು ಒಂದೇ ಕಪ್ಪಾಗಿ ತೋರಿಸುತ್ತದೆ, ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ಉಬ್ಬುತ್ತದೆ. ನೀವು ಅದನ್ನೇ ಸತ್ಯ ಅಂದುಕೊಂಡು ಬರೆಯುತ್ತೀರಿ. ಎದುರು ಕೂರಿಸಿ ಬರೆದು ಅಭ್ಯಾಸ ಇದ್ದವರಿಗೆ ಫೋಟೋ ಎಲ್ಲಿ ಸುಳ್ಳು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಏಳು ಕುದುರೆಗಳ ಚಿತ್ರ ಯಾವ ಗೋಡೆಗೆ ಹಾಕಬೇಕು?

ಮೊಳೆ ಗಟ್ಟಿಯಾಗಿ ನಿಲ್ಲುವ ಗೋಡೆಗೆ.

ನಿಮ್ಮ ಚಿತ್ರದ ಅರ್ಥವೇನು?

ಚಿತ್ರದ ಎದುರು ಐದು ನಿಮಿಷ ನಿಂತು ಬಂದು ಕೇಳಿ. ನಿಂತವರು ಈವರೆಗೆ ಕೇಳಿಲ್ಲ.

ಮಳೆಗಾಲದಲ್ಲಿ ಚಿತ್ರಕ್ಕೆ ಬೂಷ್ಟು ಬಂದಿದೆ. ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವೇ? (ಮಡಗಾಂವ್)

ಉಜ್ಜಬೇಡಿ! ಆಲೂಗಡ್ಡೆಯ ಪಿಷ್ಟ ಚಿತ್ರದ ಮೇಲೆ ಉಳಿದರೆ ಬೂಷ್ಟಿಗೆ ಊಟ ಬಡಿಸಿದಂತೆ. ನಿಂಬೆರಸ, ವಿನೆಗರ್, ಒದ್ದೆ ಬಟ್ಟೆ ಯಾವುದೂ ಬೇಡ. ಚಿತ್ರವನ್ನು ಗೋಡೆಯಿಂದ ಇಳಿಸಿ, ಬೇರೆ ಚಿತ್ರಗಳಿಂದ ದೂರ ಇಡಿ. ಫ್ರೇಮ್ ಬಿಚ್ಚಿ ಗಾಳಿ ಆಡುವ ಒಣ ಕೋಣೆಯಲ್ಲಿ ಬಿಡಿ. ಬಿಸಿಲಿಗೆ ಇಡಬೇಡಿ, ಬಣ್ಣ ಹಾರುತ್ತದೆ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಮೆತ್ತನೆಯ ಒಣ ಬ್ರಷ್‌ನಿಂದ ಹಗುರಾಗಿ ಝಾಡಿಸಿ. ಬಣ್ಣ ಎದ್ದಿದ್ದರೆ ಅಥವಾ ಚಿತ್ರ ಬೆಲೆಬಾಳುವುದಾದರೆ ನೀವು ಕೈ ಹಾಕಲೇಬೇಡಿ, ಕನ್ಸರ್ವೇಟರ್, ಅಂದರೆ ಚಿತ್ರ ಸರಿಪಡಿಸುವ ತಜ್ಞರ, ಹತ್ತಿರ ಒಯ್ಯಿರಿ. ಮುಂದಿನ ವರ್ಷಕ್ಕೆ ಎರಡು ಕೆಲಸ. ಕಾಗದದ ಚಿತ್ರವಾದರೆ ಗಾಜು ಅದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಚೌಕಟ್ಟು) ಇರಲಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿ, ಹಿಂದೆ ಗಾಳಿ ಆಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಮಾತ್ರ ನೇತುಹಾಕಬೇಡಿ.

ನೀವು ಕೆಲಸ ಮಾಡುವುದನ್ನು ಒಂದು ದಿನ ಕೂತು ನೋಡಬಹುದೇ?

ನನ್ನ ಸ್ಟುಡಿಯೋ ಅಂದರೆ ಫ್ಲಾಟಿನ ಒಳಗಿನ ಬೆಡ್‌ರೂಮು. ಇರುವುದು ಒಂದೇ ಕುರ್ಚಿ. ಅದರ ಮೇಲೆ ಅತ್ತೆಯ ಅಡುಗೆಮನೆಯ ಆ ಚಿತ್ರ ಇನ್ನೂ ಕೂತಿದೆ.