ಗಂಟಲು ನೋವೇ ಇಲ್ಲ, ರಕ್ತದಲ್ಲಿ ಗಂಟಲಮಾರಿ ರೋಗಾಣು ಹೇಗೆ?

ತೀರ್ಥಹಳ್ಳಿಯ ನಿಮ್ಮ ದೊಡ್ಡಪ್ಪನಿಗೆ ಹಿಂದೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ಮೂರು ವಾರದಿಂದ ಬಿಟ್ಟು ಬಿಟ್ಟು ಜ್ವರ. ರಕ್ತದಲ್ಲಿ ರೋಗಾಣು ಇದೆಯಾ ಅಂತ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ‘ವಿಷ ಉತ್ಪಾದಿಸದ ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ’ ಅಂತ, ಅಂದರೆ ಗಂಟಲಮಾರಿ (ಡಿಫ್ತೀರಿಯಾ) ರೋಗಾಣು ಅಂತ ಬಂದಿದೆ. ವಿಷವೇ ಇಲ್ಲ ಅಂದಮೇಲೆ ಆರು ವಾರ ಇಂಜೆಕ್ಷನ್ ಯಾಕೆ, ರಿಪೋರ್ಟೇ ತಪ್ಪಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್, ಹದಿನೆಂಟು ವರ್ಷದಿಂದ ಕಲ್ಚರ್ ಪ್ಲೇಟ್ ನೋಡುತ್ತಿದ್ದೇನೆ. ಇಂಜೆಕ್ಷನ್ ಒಂದು ದಿನವೂ ತಪ್ಪಿಸಬೇಡಿ.

ಹೆಬ್ಬಾವಿಗೂ ವಿಷ ಇಲ್ಲ. ಹಾಗಂತ ಅದು ಕೊಟ್ಟಿಗೆ ಹೊಕ್ಕಿದ್ದರೆ ನಿದ್ದೆ ಬರುತ್ತದಾ? ಗಂಟಲಮಾರಿಯಲ್ಲಿ ಗಂಟಲಿಗೆ ಪೊರೆ ಕಟ್ಟುವುದು, ಹೃದಯ, ನರ ಕೆಡುವುದು ಮುಖ್ಯವಾಗಿ ವಿಷದಿಂದ. ಮಜಾ ಅಂದರೆ, ಆ ವಿಷದ ಜೀನ್ ರೋಗಾಣುವಿನ ಸ್ವಂತದ್ದಲ್ಲ. ಅದರೊಳಗೆ ಹೊಕ್ಕ ಒಂದು ವೈರಸ್ ತಂದದ್ದು. 1951ರಲ್ಲಿ ಫ್ರೀಮನ್ ಅನ್ನುವ ವಿಜ್ಞಾನಿ ಇದನ್ನು ತೋರಿಸಿದರು. ಆ ವೈರಸ್ ಇಲ್ಲದ ತಳಿಗೆ ವಿಷ ಮಾಡಲು ಬರುವುದಿಲ್ಲ, ಆದರೆ ಅಂಟಿಕೊಂಡು ಬೆಳೆಯಲು ಚೆನ್ನಾಗಿ ಬರುತ್ತದೆ. ರಕ್ತಕ್ಕೆ ಇಳಿದರೆ ಕೀಲಿಗೆ, ಮೂಳೆಗೆ, ವಾಲ್ವಿಗೆ ಹೋಗಿ ಕೂರುತ್ತದೆ. ವಾಲ್ವ್ ಮೇಲೆ ಕಟ್ಟುವ ಗಡ್ಡೆಯೊಳಗೆ ರಕ್ತನಾಳ ಇರುವುದಿಲ್ಲ. ಔಷಧ ಒಳಗೆ ಇಳಿಯುವುದೇ ಕಷ್ಟ. ಆರು ವಾರದ ಲೆಕ್ಕ ಅದಕ್ಕೇ.

ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿದ್ದರೂ ಇದು ಬರಬಹುದು. ಲಸಿಕೆ ಕಲಿಸುವುದು ವಿಷವನ್ನು ತಡೆಯುವುದನ್ನು, ರೋಗಾಣುವನ್ನಲ್ಲ. ಮಕ್ಕಳಿಗೆ ಮಾತ್ರ ತಪ್ಪದೆ ಹಾಕಿಸಿ, ವಿಷದ ತಳಿಯೂ ಇನ್ನೂ ಇದೆ.

ಒಳಗೆ ಬಂದದ್ದು ಎಲ್ಲಿಂದ? ಎಷ್ಟೋ ಸಲ ಚರ್ಮದ ಹುಣ್ಣಿನಿಂದ. ಹೊರದೇಶಗಳಲ್ಲಿ ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ, ಮನೆಯಿಲ್ಲದವರಲ್ಲಿ ಜಾಸ್ತಿ ಕಂಡಿದೆ. ನಮ್ಮ ಕಡೆ ನಾನು ಮೊದಲು ಕೇಳುವುದು ಕಾಲಿನ ಬಗ್ಗೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಹೋಗಿ, ಇಂಬಳ (ಜಿಗಣೆ) ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಂಡಿದ್ದಾರಾ? ಇಂಬಳವೇ ರೋಗ ತಂತು ಅಂತಲ್ಲ, ಪಾಪ, ಅದರ ಮೇಲೆ ದೂರು ಈಗಾಗಲೇ ಸಾಕಷ್ಟಿದೆ. ಒಣಗದ ಹುಣ್ಣು ಯಾವುದಾದರೂ ಇದ್ದರೆ ಡಾಕ್ಟರಿಗೆ ತೋರಿಸಿ, ಸ್ವಾಬ್ ತೆಗೆಯಬಹುದು.

ಇನ್ನು ರಿಪೋರ್ಟ್. ಅನುಮಾನ ನ್ಯಾಯವೇ. ಇದೇ ಕುಟುಂಬದ ಸಾಧು ರೋಗಾಣುಗಳು ನಮ್ಮೆಲ್ಲರ ಚರ್ಮದ ಮೇಲಿವೆ, ರಕ್ತ ತೆಗೆಯುವಾಗ ಬಾಟಲಿಗೆ ಸೇರುತ್ತವೆ. ಆದರೆ ಎಡವಟ್ಟು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೊಂದು ಬೆಳೆದಿತ್ತು. ‘ಚರ್ಮದ ಕೊಳೆ, ಬಿಸಾಕು’ ಅಂದರು ಹಿರಿಯರು. ನಾನೂ ಸುಮ್ನೆ ಬಿಸಾಕಿದೆ. ಮರುದಿನ ಎರಡನೇ ಬಾಟಲಿಯಲ್ಲೂ ಅದೇ. ಬೇರೆ ಬೇರೆ ಸಲ ತೆಗೆದ ರಕ್ತದಲ್ಲೆಲ್ಲ ಒಂದೇ ರೋಗಾಣು ಬಂದರೆ ಅದನ್ನು ಕೊಳೆ ಅನ್ನಲು ಆಗುವುದಿಲ್ಲ. ನಿಮ್ಮದರಲ್ಲಿ ಎಷ್ಟು ಬಾಟಲಿಯಲ್ಲಿ ಬಂದಿದೆ ಅಂತ ಕೇಳಿ. ರೋಗಾಣುವಿನ ಜಾತಿಯ ಹೆಸರು ಬರೆದು, ವಿಷ ಇಲ್ಲ ಅಂತಲೂ ಪರೀಕ್ಷೆ ಮಾಡಿದ್ದಾರೆ ಅಂದರೆ ಲ್ಯಾಬಿನವರು ಕಣ್ಣಂದಾಜಿನಲ್ಲಿ ಬರೆದಿಲ್ಲ.

ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಅನ್ನುವ ರಿಪೋರ್ಟ್ ಇಟ್ಟುಕೊಳ್ಳಿ. ಅನ್ನನಾಳದ ಮೂಲಕ ಎಕೋ (ಹೃದಯದ ಸ್ಕ್ಯಾನ್) ಮಾಡಬೇಕಾ ಅಂತಲೂ ವಿಚಾರಿಸಿ, ಬದಲಾಯಿಸಿದ ವಾಲ್ವ್ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಗಡ್ಡೆಯ ಚೂರು ಕಿತ್ತು ಮಿದುಳಿಗೆ ಹೋಗುವ ಭಯ ಇದೆ. ಮಾತು ತೊದಲಿದರೆ, ಒಂದು ಕೈ ಸೋತರೆ ಬೆಳಗಾಗಲಿ ಅಂತ ಕಾಯಬೇಡಿ. ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್ ಇದೆ, ರಾತ್ರಿಯೇ ಹೊರಡಿ.