ಸಂಪಾದಕರ ಉತ್ತರ: ಗಾಣದ ಎತ್ತು ಮತ್ತು ಲೆ ಮಾನ್ ಕಾರು

ಈ ಸಲ ಬಂದ ಪತ್ರಗಳಲ್ಲಿ ತಿಪಟೂರಿನ ಒಬ್ಬ ನಿವೃತ್ತ ಭೌತಶಾಸ್ತ್ರ ಮೇಷ್ಟ್ರ ಪತ್ರವನ್ನು ಎತ್ತಿಕೊಂಡಿದ್ದೇನೆ. ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಕಾರ್ ರೇಸಿಗೆ ನಾಲ್ಕು ಪುಟ ಕೊಟ್ಟಿದ್ದೆವು. ಮೇಷ್ಟ್ರಿಗೆ ಅದು ಸರಿಬಂದಿಲ್ಲ. ಅವರು ಬರೆಯುತ್ತಾರೆ: "ಹಗಲೂ ರಾತ್ರಿ ಗಾಣದ ಎತ್ತಿನ ಹಾಗೆ ಸುತ್ತಿ ಹೊರಟ ಜಾಗಕ್ಕೇ ಬಂದು ನಿಲ್ಲುವುದರಲ್ಲಿ ಏನಿದೆ? ಇದಕ್ಕೆ ನಾವು ಸ್ಥಾನಪಲ್ಲಟ ಸೊನ್ನೆ ಅನ್ನುತ್ತೇವೆ. ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ಇವರು ಇರುವ ಎಣ್ಣೆ ಸುಡುತ್ತಾರೆ. 1955ರಲ್ಲಿ ನೋಡಲು ಬಂದವರ ಜೀವವನ್ನೂ ತೆಗೆದರು. ಗೆದ್ದವರ ಹೆಸರನ್ನು ಎರಡು ಸಾಲಿನಲ್ಲಿ ಹಾಕಿದ್ದರೆ ಸಾಕಿತ್ತು." ಕೆಳಗೆ ಒಂದು ತಾ.ಕ. ಬೇರೆ: ಪತ್ರಿಕೆಯ 31ನೇ ಪುಟ ಅಂಚೆಯಲ್ಲಿ ಹರಿದು ಬಂದಿತ್ತಂತೆ. ಮೈದಾ ಅಂಟು ಕಾಯಿಸಿ ಅಂಟಿಸಿ ಓದಿದರಂತೆ.

ಮೇಷ್ಟ್ರೇ, ಪೆಟ್ರೋಲಿನ ಮಾತು ಒಪ್ಪಿದೆ. 1955ರ ಜೂನ್ 11ಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಪಿಯರ್ ಲೆವೆಗ್ ಓಡಿಸುತ್ತಿದ್ದ ಮರ್ಸಿಡಿಸ್ ಮುಂದಿನ ಕಾರಿನ ಮೇಲೆ ಹತ್ತಿ ಹಾರಿತು, ಅದರ ತುಂಡುಗಳು ಜನರ ಮಧ್ಯೆ ನುಗ್ಗಿದವು. 80ಕ್ಕೂ ಜಾಸ್ತಿ ಜನ ಸತ್ತರು. ರೇಸು ನಿಲ್ಲಲಿಲ್ಲ. ಎಲ್ಲರೂ ಒಟ್ಟಿಗೆ ಮನೆಗೆ ಹೊರಟರೆ ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ ಅಂದರು ಸಂಘಟಕರು. ಅದು ಸರಿಯೋ ತಪ್ಪೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಕಡೆ ನ್ಯಾಯ ಇರುವುದು ಇಲ್ಲಿಯವರೆಗೆ. ಇನ್ನು ನನ್ನ ಮಾತು ಕೇಳಿ.

ಸ್ಥಾನಪಲ್ಲಟ ಸೊನ್ನೆ, ನಿಜ. ಆದರೆ ಲೆ ಮಾನ್‌ನಲ್ಲಿ ಲೆಕ್ಕ ಕ್ರಮಿಸಿದ ದೂರಕ್ಕೆ. 24 ಗಂಟೆಯಲ್ಲಿ ಯಾರು ಹೆಚ್ಚು ದೂರ ಓಡಿದರೋ ಅವರದ್ದು ಗೆಲುವು. 1966ರಲ್ಲಿ ಫೋರ್ಡ್ ಕಂಪನಿಯ ಮೂರು ಕಾರುಗಳು ಮೊದಲ ಮೂರು ಸ್ಥಾನದಲ್ಲಿದ್ದವು. ಫೋಟೋ ಚೆನ್ನಾಗಿ ಬರಲಿ ಅಂತ ಒಟ್ಟಿಗೆ ಗೆರೆ ದಾಟಿಸಿದರು. ಮುಂದಿದ್ದ ಕೆನ್ ಮೈಲ್ಸ್ ಪಾಪ ವೇಗ ಇಳಿಸಿದ. ಆಮೇಲೆ ಸಂಘಟಕರು ಲೆಕ್ಕ ತೆಗೆದರು: ಪಕ್ಕದಲ್ಲಿ ಬಂದ ಮೆಕ್ಲಾರೆನ್ ಮತ್ತು ಏಮನ್ ಅವರ ಕಾರು ಹಿಂದಿನ ದಿನ ಇನ್ನಷ್ಟು ಹಿಂದಿನಿಂದ ಹೊರಟಿತ್ತು, ಅಂದರೆ ಅದೇ ಹೆಚ್ಚು ದೂರ ಓಡಿದೆ. ಗೆಲುವು ಅವರ ಪಾಲಾಯಿತು. ಎರಡು ತಿಂಗಳಿಗೆ ಮೈಲ್ಸ್ ಇನ್ನೊಂದು ಕಾರಿನ ಪರೀಕ್ಷೆಯಲ್ಲಿ ತೀರಿಕೊಂಡ. ಇಂಥ ಲೆಕ್ಕವನ್ನು ನಿಮ್ಮ ಹತ್ತನೇ ಕ್ಲಾಸಿನ ಪೇಪರಿಗೆ ಹಾಕಿದ್ದರೆ ಮಕ್ಕಳು ಅಳುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ಇನ್ನು ಗೆದ್ದವರ ಹೆಸರು ಹಾಕಿದರೆ ಸಾಕು ಅಂದಿರಲ್ಲ, ಅದು ನನಗೆ ಚುಚ್ಚಿತು. 1923ರಲ್ಲಿ ಮೊದಲ ರೇಸು ನಡೆದಾಗ ಅಧಿಕೃತವಾಗಿ ಗೆದ್ದವರೇ ಇರಲಿಲ್ಲ! ಅದು ಸಾಮಾನ್ಯ ಜನ ಕೊಳ್ಳುವ ಕಾರುಗಳ ಪರೀಕ್ಷೆ. ಎಂಜಿನ್ ಗಾತ್ರಕ್ಕೆ ತಕ್ಕಂತೆ ಇಷ್ಟು ದೂರ ಓಡಬೇಕು ಅಂತ ನಿಯಮ, ಓಡಿದರೆ ಮುಂದಿನ ವರ್ಷಕ್ಕೆ ಅರ್ಹತೆ. ರಾತ್ರಿ ಲೈಟು ಉರಿಯುತ್ತದಾ, ಮಳೆಯಲ್ಲಿ ಎಂಜಿನ್ ನಿಲ್ಲದೆ ಓಡುತ್ತದಾ, ಇದು ಪ್ರಶ್ನೆ. ಆವತ್ತು ಆಲಿಕಲ್ಲು ಮಳೆ ಬೇರೆ. 33 ಕಾರು ಹೊರಟು 30 ಕಾರು ಮುಗಿಸಿದವು. ಎಲ್ಲರಿಗಿಂತ ಹೆಚ್ಚು ದೂರ ಓಡಿದ್ದು ಶೆನಾರ್ ವಾಲ್ಕರ್ ಅನ್ನುವ ಕಾರು. ಈಗ ಆ ಕಂಪನಿಯೂ ಇಲ್ಲ, ಓಡಿಸಿದ ಇಬ್ಬರ ನೆನಪೂ ಯಾರಿಗೂ ಇಲ್ಲ.

ಆ ಮೊದಲ ರೇಸಿನಲ್ಲಿ ನನಗೆ ನೆನಪಿರುವುದು ಸೈಕಲ್. ಇಂಗ್ಲೆಂಡಿನಿಂದ ಒಂದೇ ಒಂದು ಬೆಂಟ್ಲಿ ಬಂದಿತ್ತು, ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲದ್ದು. ಕಾರು ತಯಾರಿಸಿದ ಕಂಪನಿಯ ಯಜಮಾನ ಬೆಂಟ್ಲಿಗೆ ಇದೆಲ್ಲ ಹುಚ್ಚಾಟ ಅನ್ನಿಸಿತ್ತು, ಮನಸ್ಸಿಲ್ಲದ ಮನಸ್ಸಿನಿಂದ ಬಂದಿದ್ದರು. ಭಾನುವಾರ ಒಂದು ಕಲ್ಲು ಹಾರಿ ಪೆಟ್ರೋಲ್ ಟ್ಯಾಂಕು ತೂತಾಯಿತು. ಕಾರು ದೂರದಲ್ಲೆಲ್ಲೋ ನಿಂತಿತು. ಓಡಿಸುತ್ತಿದ್ದ ಜಾನ್ ಡಫ್ ಕಿಲೋಮೀಟರ್‌ಗಟ್ಟಲೆ ಓಡಿಕೊಂಡು ಬಂದ, ಏದುಸಿರು ಬಿಡುತ್ತಾ. ಜೊತೆಗಾರ ಫ್ರಾಂಕ್ ಕ್ಲೆಮೆಂಟ್ ಯಾರದೋ ಸೈಕಲ್ ಇಸಿದುಕೊಂಡ. ಪೆಟ್ರೋಲ್ ಕ್ಯಾನುಗಳನ್ನು ಹೆಗಲಿಗೆ ಹಾಕಿಕೊಂಡ. ಎದುರಿನಿಂದ ರೇಸಿನ ಕಾರುಗಳು ಬರುತ್ತಿರುವಾಗ ಅದೇ ರಸ್ತೆಯಲ್ಲಿ ಪೆಡಲ್ ತುಳಿದ! ಹೋಗಿ ತೂತು ಮುಚ್ಚಿ, ಪೆಟ್ರೋಲ್ ಸುರಿದು, ಸೈಕಲ್ಲನ್ನು ಹಿಂದಿನ ಸೀಟಿಗೆ ಎಸೆದುಕೊಂಡು ವಾಪಸ್ ಬಂದ. ಎರಡು ಗಂಟೆಗೂ ಜಾಸ್ತಿ ಹೊತ್ತು ಹೋಗಿತ್ತು. ಆದರೂ ನಾಲ್ಕನೇ ಸ್ಥಾನ ಹಂಚಿಕೊಂಡರು. ಮಾರನೇ ವರ್ಷ ಅದೇ ಇಬ್ಬರು ಮುಂದಿನ ಚಕ್ರಕ್ಕೂ ಬ್ರೇಕು ಹಾಕಿಸಿ, ಲೈಟಿಗೆ ತಂತಿ ಜಾಲರಿ ಕಟ್ಟಿಸಿಕೊಂಡು ಬಂದು ಗೆದ್ದೇಬಿಟ್ಟರು.

1927ರದ್ದೂ ಇದೇ ಕಥೆ. ಕತ್ತಲಲ್ಲಿ ಒಂದು ತಿರುವಿನಲ್ಲಿ ಬೆಂಟ್ಲಿ ತಂಡದ ಮೂರೂ ಕಾರುಗಳು ಡಿಕ್ಕಿಯಲ್ಲಿ ಸಿಕ್ಕಿಕೊಂಡವು. ಎರಡು ಅಲ್ಲೇ ಮಲಗಿದವು. ಮೂರನೆಯದನ್ನು ಸ್ಯಾಮಿ ಡೇವಿಸ್ ಹೇಗೋ ಎಳೆದುಕೊಂಡು ಬಂದ. ಚಕ್ರ ಸೊಟ್ಟ, ಒಂದು ಹೆಡ್‌ಲೈಟ್ ಚೂರು. ಆಗಿನ ನಿಯಮದಂತೆ ಮೆಕ್ಯಾನಿಕ್ ಮುಟ್ಟುವ ಹಾಗಿಲ್ಲ, ಓಡಿಸುವವನೇ ರಿಪೇರಿ ಮಾಡಬೇಕು. ಬಡಿದು, ಕಟ್ಟಿ, ಗಾಜಿನ ಹತ್ತಿರ ಒಂದು ಟಾರ್ಚ್ ಬಿಗಿದು, ರಾತ್ರಿಯಿಡೀ ಓಡಿಸಿ ಗೆದ್ದರು. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಔತಣ ಏರ್ಪಟ್ಟಾಗ ಆ ಜಜ್ಜಿಹೋದ ಕಾರನ್ನೇ ಊಟದ ಹಾಲಿಗೆ ತಂದು ನಿಲ್ಲಿಸಿದರಂತೆ. ಮದುಮಗನ ಮರ್ಯಾದೆ!

ಹಳೇ ಕಾಲದ ಮಾತು ಅಂತೀರಾ? 1977ಕ್ಕೆ ಬನ್ನಿ. ಬೆಲ್ಜಿಯಂನ ಚಾಲಕ ಜಾಕಿ ಇಕ್ಸ್ ತನ್ನ ಕಾರು ಕೆಟ್ಟ ಮೇಲೆ, 40ನೇ ಸ್ಥಾನದ ಆಚೆಗೆ ಬಿದ್ದಿದ್ದ ತಂಡದ ಇನ್ನೊಂದು ಪೋರ್ಷೆ ಹತ್ತಿ, ರಾತ್ರಿಯೆಲ್ಲ ಓಡಿಸಿ ಅದನ್ನು ಮುಂದಕ್ಕೆ ತಂದ. ಕೊನೆಯ ಗಂಟೆಯಲ್ಲಿ ಆರು ಸಿಲಿಂಡರಿನಲ್ಲಿ ಒಂದು ಕೈಕೊಟ್ಟಿತು. ಮೆಕ್ಯಾನಿಕ್‌ಗಳು ಆ ಒಂದನ್ನು ಬಂದ್ ಮಾಡಿದರು. ಕಾರು ಸುಮ್ನೆ ನಿಂತು ಕಾದಿತು. ಕೊನೆಯ ಕೆಲವು ನಿಮಿಷ ಇದ್ದಾಗ ಜೊತೆಗಾರ ಯುರ್ಗೆನ್ ಬಾರ್ತ್ ಐದೇ ಸಿಲಿಂಡರಿನಲ್ಲಿ, ಮೊಟ್ಟೆ ಬುಟ್ಟಿ ಹೊತ್ತವನ ಹಾಗೆ, ಮೆಲ್ಲಗೆ ಓಡಿಸಿ ಗೆದ್ದ.

ನಮ್ಮವರ ವಿಷಯವನ್ನೂ ಹೇಳಿಬಿಡುತ್ತೇನೆ. ಚೆನ್ನೈನ ಕರುಣ್ ಚಂಧೋಕ್ 2012ರಲ್ಲಿ, ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್ ಓಡಿಸಿದರು. ಕರುಣ್ ಇದ್ದ ಕಾರು ಆರನೆಯದಾಗಿ ಬಂತು. ಆಗ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಾಲು ಬಂತು, ನೋಡಿದ್ದೀರಾ? ಗೆದ್ದವರನ್ನು ಬಿಟ್ಟು ಬೇರೆಯವರ ಬಗ್ಗೆ ಬರೆಯಲು ನಮಗೆ ಕೈ ಬರುವುದಿಲ್ಲ.

ಈ ಕಥೆಗಳಲ್ಲೆಲ್ಲ ನನ್ನನ್ನು ಹಿಡಿದದ್ದು ಕೆಟ್ಟದ್ದನ್ನು ರಿಪೇರಿ ಮಾಡಿ ಓಡಿಸುವ ಹಠ. ಅದು ಈಗ ನಮ್ಮಲ್ಲಿ ಕಾಣೆಯಾಗುತ್ತಿದೆ. ಹೋದ ತಿಂಗಳು ನಮ್ಮ ಮನೆಯ ಮಿಕ್ಸಿ ನಿಂತಿತು. ಮೋಟರಿಗೂ ಜಾರಿಗೂ ಕೊಂಡಿಯಾಗುವ ಕಪ್ಲರ್ ಸವೆದಿತ್ತು, ಬೆರಳು ಗಾತ್ರದ ಸಾಮಾನು ಅಷ್ಟೇ. ಕಂಪನಿಯ ಸರ್ವೀಸ್ ಸೆಂಟರಿನ ಹುಡುಗ ಮಿಕ್ಸಿಯನ್ನು ತಿರುಗಿಸಿಯೂ ನೋಡಲಿಲ್ಲ. "ಈ ಮಾಡೆಲ್ ನಿಂತೋಗಿದೆ ಸರ್, ಎಕ್ಸ್‌ಚೇಂಜ್ ಆಫರ್ ಇದೆ, ಹೊಸದು ತಗೊಳ್ಳಿ" ಅಂದ. ಹಿಂದಿನ ಗಲ್ಲಿಯಲ್ಲಿ ರಿಪೇರಿಯವರೊಬ್ಬರಿದ್ದಾರೆ, ವಯಸ್ಸಾದವರು. ಅವರು ಬಿಸ್ಕತ್ ಡಬ್ಬಿ ಕೆದಕಿ ಒಂದು ಕಪ್ಲರ್ ತೆಗೆದರು. ನಾನು ಹಳೆಯದನ್ನು ಬಿಚ್ಚಲು ಒದ್ದಾಡುತ್ತಿದ್ದೆ. "ಇದು ಉಲ್ಟಾ ತಿರುಗಿಸ್ಬೇಕು ಸರ್, ಇಲ್ದಿದ್ರೆ ಮೋಟ್ರು ತಿರುಗೋವಾಗ ತಾನೇ ಬಿಚ್ಕೊಂಡ್ಬಿಡುತ್ತೆ" ಅಂದರು. ನೋಡಿ, ನಿಮ್ಮ ಭೌತಶಾಸ್ತ್ರ! ಐದು ನಿಮಿಷ, ಅರವತ್ತು ರೂಪಾಯಿ. ಅವರ ಮಗ ಪಕ್ಕದಲ್ಲೇ ಮೊಬೈಲ್ ಕವರ್ ಮಾರುತ್ತಾನೆ. ಅಪ್ಪನ ನಂತರ ಆ ಡಬ್ಬಿ ಗುಜರಿಗೆ.

ಮೊಬೈಲಿನ ಬ್ಯಾಟರಿ ನಾವು ತೆಗೆಯುವ ಹಾಗಿಲ್ಲ. ಕೊಡೆ ರಿಪೇರಿಯವರು ಮಳೆಗಾಲದಲ್ಲೂ ಕಾಣುವುದಿಲ್ಲ. ಕಾರಿನ ಜಾಹೀರಾತು ನೋಡಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಇರುತ್ತದೆ. ಹತ್ತು ವರ್ಷ ಆದ ಮೇಲೆ ಬಿಡಿಭಾಗ ಸಿಗುತ್ತದಾ ಅಂತ ಎಲ್ಲೂ ಇರುವುದಿಲ್ಲ. ನಮ್ಮ ಮೇಷ್ಟ್ರು ನಮಗೆ ಫ್ಯೂಸ್ ಕಟ್ಟಲು ಕಲಿಸಿದ್ದರು. ನೀವೂ ನಿಮ್ಮ ಹುಡುಗರಿಗೆ ಕಲಿಸಿರುತ್ತೀರಿ. ಈಗಿನ ಹುಡುಗರಿಗೆ ಅದನ್ನು ಯಾರು ಕಲಿಸುತ್ತಿದ್ದಾರೆ ಹೇಳಿ.

ಇನ್ನು ನಿಮ್ಮ ತಾ.ಕ. ಹರಿದ ಪ್ರತಿಯ ಬದಲು ಹೊಸದನ್ನು ಕಳಿಸಿ ಅಂತ ನಮ್ಮ ಆಫೀಸಿನ ಹುಡುಗನಿಗೆ ಮೊದಲು ಹೇಳಿದ್ದೆ. ಆಮೇಲೆ ಬೇಡ ಅಂದೆ. 31ನೇ ಪುಟ ಅದೇ ಸೈಕಲ್ಲಿನ ಚಿತ್ರ ಇದ್ದ ಪುಟ ಮೇಷ್ಟ್ರೇ. ಮೈದಾ ಹಚ್ಚಿದ ಪುಟಕ್ಕೆ ಜಿರಳೆ ಬರುತ್ತದೆ, ಅಂಟು ಕಾಯಿಸುವಾಗ ಚೂರು ಮೈಲುತುತ್ತ ಹಾಕಿದ್ದಿರಿ ತಾನೇ?

ಸಂ.