ಗ್ಯಾಸ್ ಮೊದಲೋ, ಸೋಡಾ ಮೊದಲೋ?

ಪ್ರಶ್ನೆ: ಉಡುಪಿ ಜಿಲ್ಲೆಯ ಪಾದೂರಿನ ಬಂಡೆಯೊಳಗೆ ತುಂಬಿಟ್ಟ ಕಚ್ಚಾ ತೈಲವನ್ನು ಪಂಪ್ ಹಾಕಿದರೆ ಎತ್ತಬಹುದು. ತೈಲಬಾವಿಯ ಗಟ್ಟಿ ಎಣ್ಣೆಗೆ ಮಾತ್ರ ಇಂಗಾಲದ ಡೈಆಕ್ಸೈಡ್, ಸೋಡಾ, ಪಾಲಿಮರ್ ಎಲ್ಲ ಯಾಕೆ? ಹಾಕುವುದಿದ್ದರೆ ಒಟ್ಟಿಗೇ ಹಾಕಬಾರದೇ?
– ಓದುಗರೊಬ್ಬರು, ಕಾಪು

ಉತ್ತರ: ಪಾದೂರಿನದು 25 ಲಕ್ಷ ಟನ್ ಹಿಡಿಸುವ, ಮನುಷ್ಯರು ಕೊರೆದ ಗುಹೆ, ಎಣ್ಣೆ ಅಲ್ಲಿ ಟ್ಯಾಂಕಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ತೈಲಬಾವಿಯ ತಳದಲ್ಲಿ ಅಂಥ ಕೆರೆ ಇಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಜೋನಿ ಬೆಲ್ಲದ ಹಾಗೆ ಅಂಟಿಕೊಂಡಿರುತ್ತದೆ. ನೀರು ಒತ್ತಿದರೆ ನೀರು ಸಂದಿ ಹುಡುಕಿ ಮುಂದೆ ಹೋಗುತ್ತದೆ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ.

ಇಂಗಾಲದ ಡೈಆಕ್ಸೈಡ್ ಎಣ್ಣೆಯಲ್ಲಿ ಕರಗಿದರೆ ಎಣ್ಣೆ ಉಬ್ಬುತ್ತದೆ, ತೆಳುವಾಗುತ್ತದೆ. ಟರ್ಕಿಯ ಬಾಟಿ ರಾಮನ್ ಕ್ಷೇತ್ರದಲ್ಲಿ 1986ರಿಂದ ಈ ಕೆಲಸ ನಡೆದಿದೆ. ಅಲ್ಲಿನ ಎಣ್ಣೆಯ ಸ್ನಿಗ್ಧತೆ (ಹರಿಯದೆ ಅಂಟಿಕೊಳ್ಳುವ ಗುಣದ ಅಳತೆ) ಸುಮಾರು 600 ಸೆಂಟಿಪಾಯ್ಸ್, ನೀರಿನದು 1. ಇಷ್ಟು ಗಟ್ಟಿ ಎಣ್ಣೆಯೊಂದಿಗೆ ಗ್ಯಾಸ್ ಪೂರ್ತಿ ಬೆರೆತು ಒಂದಾಗುವುದಿಲ್ಲ, ಒಂದಷ್ಟು ಕರಗುತ್ತದೆ ಅಷ್ಟೆ. ಕರಗುವುದೂ ನಿಧಾನ. ಹಾಗಾಗಿ ಗ್ಯಾಸ್ ತುಂಬುವುದು, ಎಣ್ಣೆ ತೆಗೆಯುವುದು ಎರಡನ್ನೂ ಒಂದೇ ಬಾವಿಯಲ್ಲಿ ಮಾಡುವಾಗ ಗ್ಯಾಸ್ ತುಂಬಿ ಸಾಮಾನ್ಯವಾಗಿ 2ರಿಂದ 4 ವಾರ ಬಾವಿ ಮುಚ್ಚಿಡುತ್ತಾರೆ. ಅವಸರಪಟ್ಟರೆ ಹಾಕಿದ ಗ್ಯಾಸೇ ವಾಪಸ್ ಬರುತ್ತದೆ. ತೆರೆಯುವಾಗಲೂ ವಾಲ್ವ್ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಗೋಲಿ ಸೋಡಾದ ಗೋಲಿ ಒತ್ತಿದಂತೆ ಒತ್ತಡ ಥಟ್ಟನೆ ಇಳಿದರೆ ಗ್ಯಾಸ್ ಬಿಟ್ಟುಹೋಗಿ ಎಣ್ಣೆ ಮತ್ತೆ ಗಟ್ಟಿ. ಜೊತೆಗೆ ಮರಳು ನುಗ್ಗುತ್ತದೆ, ಡಾಂಬರಿನಂಥ ಆಸ್ಫಾಲ್ಟೀನ್ ಪೈಪಿನ ಒಳಗೆ ಕಟ್ಟಿಕೊಳ್ಳುತ್ತದೆ.

ಸೋಡಾದ ಕೆಲಸವೇ ಬೇರೆ. ನೀರಿಗೆ 0.5ರಿಂದ 1.5 ಶೇಕಡಾ ಸೋಡಿಯಂ ಕಾರ್ಬೊನೇಟ್ (ನಮ್ಮ ವಾಷಿಂಗ್ ಸೋಡಾವೇ) ಹಾಕಿದರೆ ಎಣ್ಣೆಯೊಳಗಿನ ಆಮ್ಲಗಳು ಅಲ್ಲೇ ಸಾಬೂನಾಗುತ್ತವೆ, ಎಣ್ಣೆ ಕಲ್ಲಿನಿಂದ ಬಿಡುತ್ತದೆ. ಎಣ್ಣೆಯಲ್ಲಿ ಆಮ್ಲ ಕಡಿಮೆ ಇದ್ದರೆ ಸಾಬೂನಿನಂತೆ ಕೆಲಸ ಮಾಡುವ ಸರ್ಫ್ಯಾಕ್ಟಂಟ್ ಸೇರಿಸಬೇಕು. ಹಿಂದಿನಿಂದ ಲೀಟರಿಗೆ 1–2 ಗ್ರಾಂ ಪಾಲಿಮರ್ (ಎಳೆಯಂತೆ ಉದ್ದನೆಯ ಅಣುಗಳಿರುವ ವಸ್ತು) ಕರಗಿಸಿದ ನೀರು ಹೋಗುತ್ತದೆ. ಗಂಜಿ ತಿಳಿಯಂತೆ ದಪ್ಪವಾದ ಆ ನೀರು ಸಂದಿಯಲ್ಲಿ ಜಾರದೆ ಎಣ್ಣೆಯನ್ನು ತಳ್ಳುತ್ತದೆ. ಆದರೆ ನೀರು ಗಡುಸಾಗಿದ್ದರೆ ಸೋಡಾ ಅದರ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಕಲ್ಲಾಗಿ ಬಂಡೆಯ ರಂಧ್ರಗಳ ಬಾಯಿ ಕಟ್ಟುತ್ತದೆ. ಮೊದಲು ನೀರಿನ ಕ್ಯಾಲ್ಸಿಯಂ ತೆಗೆಯದೆ ಈ ಕೆಲಸಕ್ಕೆ ಕೈಹಾಕಬಾರದು.

ಇನ್ನು ಒಟ್ಟಿಗೆ ಹಾಕುವ ಮಾತು: ಬೇಡ. ಗ್ಯಾಸ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಆಮ್ಲ ಸೋಡಾವನ್ನು ಬೈಕಾರ್ಬೊನೇಟ್ (ಅಡುಗೆ ಸೋಡಾ) ಮಾಡಿಬಿಡುತ್ತದೆ, ಸಾಬೂನು ಹುಟ್ಟುವುದೇ ಇಲ್ಲ. ಪಾಲಿಮರಿನ ಉದ್ದ ಎಳೆಗಳೂ ಆಮ್ಲದಲ್ಲಿ ಮುದುಡಿ ನೀರು ತೆಳ್ಳಗಾಗುತ್ತದೆ. ದುಡ್ಡು ಕೊಟ್ಟು ತಂದ ಎರಡು ಸರಕು ಒಂದನ್ನೊಂದು ತಿಂದ ಹಾಗೆ. ಗ್ಯಾಸಿನ ಸರದಿ ಮುಗಿಸಿ, ನಡುವೆ ಬರಿಯ ನೀರು ಬಿಟ್ಟು, ಆಮೇಲೆ ಸೋಡಾ, ಕೊನೆಗೆ ಪಾಲಿಮರ್ ಕಳಿಸುವುದು ಕ್ಷೇಮ. ನಡುವಿನ ನೀರು ಎಷ್ಟಿರಬೇಕೆಂಬುದನ್ನು ಅದೇ ಕ್ಷೇತ್ರದ ಕಲ್ಲಿನ ತುಂಡಿನಲ್ಲಿ ಪ್ರಯೋಗ ಮಾಡಿಯೇ ಹೇಳಬೇಕು.

ಪ್ರಶ್ನೆ: ರಿಫೈನರಿಯ ಚಿಮಣಿ ಹೊಗೆಯನ್ನೇ ಇದಕ್ಕೆ ಬಳಸಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೇರವಾಗಿ ಆಗದು. ಚಿಮಣಿ ಹೊಗೆಯಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಹೈಡ್ರೋಜನ್ ಘಟಕದಲ್ಲಿ ಹೊರಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ, ಬೇರ್ಪಡಿಸುವುದು ಸುಲಭ. ಪೈಪಿನಲ್ಲಿ ಸಾಗಿಸಲು ಅದನ್ನು 74 ಬಾರ್‌ಗಿಂತ ಮೇಲೆ ಒತ್ತುತ್ತಾರೆ. ಅದಕ್ಕೂ ಮೊದಲು ತೇವ ಪೂರ್ತಿ ತೆಗೆಯಬೇಕು. ಹನಿ ನೀರು ಉಳಿದರೂ ಸಾಮಾನ್ಯ ಉಕ್ಕಿನ ಪೈಪು ಒಳಗಿಂದ ಕುಳಿ ಬಿದ್ದು ತೂತಾಗುತ್ತದೆ. ಇನ್ನೊಂದು ಮಾತು, ನಮ್ಮ ಕರಾವಳಿಯ ಅಡಿಯಲ್ಲಿರುವುದು ನೈಸ್ (gneiss) ಎಂಬ ಗಟ್ಟಿ ಬಂಡೆ. ಇಲ್ಲಿ ತೈಲಬಾವಿಯಿಲ್ಲ, ಗ್ಯಾಸ್ ಹಿಡಿದರೂ ದೂರ ಒಯ್ಯಬೇಕು.